ತೊಂಬತ್ತೇಳಕ್ಕೆ ನಿಂತ ಬುದ್‌ಬುದ್

ಅಂತರ್ಜಾಲವೆಂಬ ಮಹಾಮಾಯೆ ಲೋಕದ ಮೂಲೆಮೂಲೆಯಿಂದ ಏನು ಬೇಕಾದರೂ ನಮ್ಮ ಮನೆಗೆ ತಂದು ಸುರಿಯುತ್ತದೆ. ನಮ್ಮ ಮನೆಯಿಂದ ಒಂದೇ ಒಂದು ವಿಡಿಯೊ ಹೊರಗೆ ಒಯ್ಯಬೇಕೆಂದರೆ ಮಾತ್ರ ಅದಕ್ಕೆ ಸೊಂಟನೋವು. ಶನಿವಾರ ಬೆಳಗಿನಿಂದ ಮೂರು ಸಲ ತೊಂಬತ್ತೇಳು ಪರ್ಸೆಂಟಿನವರೆಗೆ ಹೋಗಿ, ಮೂರು ಸಲವೂ ‘ಮತ್ತೆ ಪ್ರಯತ್ನಿಸಿ’ ಎಂದಿತು. (ನಾನು ಹೆಣ್ಣು ಕೇಳಲು ಹೋದಾಗ ನನ್ನ ಮಾವ ಕೂಡ ಎರಡು ಸಲ ಹೀಗೇ ಹೇಳಿದ್ದರು. ಮೂರನೆಯ ಸಲ ಒಪ್ಪಿದ್ದರು, ಪುಣ್ಯಾತ್ಮರು.)

ವಿಡಿಯೊ ನನ್ನ ಹೆಂಡತಿ ಪರ್ಲಿತಾಳದ್ದು. ಬರಗನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬಾಳೆಲೆಯಲ್ಲಿ ಸುತ್ತಿ ಹಬೆಗಿಟ್ಟು ಅವಳು ಮಾಡುವ ಬುದ್‌ಬುದ್ ತಿಂದವರು ನಮ್ಮ ಊರಲ್ಲಿ ಜಗಳ ಮರೆತದ್ದುಂಟು. ಊರಹಬ್ಬದ ಅಡುಗೆ ಸ್ಪರ್ಧೆಗೆ ಮಧ್ಯಾಹ್ನ ಮೂರರೊಳಗೆ ವಿಡಿಯೊ ಕಳಿಸಬೇಕು. ಸಂಜೆ ಆರರೊಳಗೆ ಯಾರದಕ್ಕೆ ಹೆಚ್ಚು ಜನ ಹೃದಯ ಒತ್ತುತ್ತಾರೋ ಅವರಿಗೆ ಚರ್ಚಿನ ಎದುರು ಒಂದು ವರ್ಷ ಅಂಗಡಿ. ಹನ್ನೊಂದು ವರ್ಷದಿಂದ ದೋಣಿಕಟ್ಟೆಯಲ್ಲಿ ಬುಟ್ಟಿ ಹೊತ್ತು ಮಾರುವವಳಿಗೆ ತಲೆಯ ಮೇಲೊಂದು ಸೂರು ಬೇಕಿತ್ತು.

“ರೀ, ವೈಫೈ ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ.”

“ಮಾಡ್ದೆ.”

“ಕಿಟಕಿ ಹತ್ರ ಇಡಿ.”

“ಇಟ್ಟೆ.”

“ನೀವು ಸ್ವಲ್ಪ ದೂರ ನಿಂತ್ಕೊಳ್ಳಿ.”

“ನಾನ್ಯಾಕೆ?”

“ನೀವು ಕೈಯಿಟ್ಟಿದ್ದು ಯಾವ್ದು ನೆಟ್ಟಗಾಗಿದೆ ಇವತ್ತಿನವರೆಗೂ?”

ಕೊನೆಗೆ ಕಂಪನಿಗೆ ಫೋನು ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು.

“ಮನೇಲಿ ಎಷ್ಟು ಫೋನಿದೆ ಸಾರ್?”

“ಎರಡು.”

“ಇಲ್ಲಿ ಮೂವತ್ತೊಂದು ಕಾಣ್ತಿದೆ ಸಾರ್. ಒಳಗೆ ಬರೋ ದಾರಿ ದೊಡ್ಡದು, ಹೊರಗೆ ಹೋಗೋ ದಾರಿ ಸಣ್ಣದು. ಎಲ್ರೂ ಹಬ್ಬದ ವಿಡಿಯೊ ಒಟ್ಟಿಗೆ ಕಳಿಸ್ತಿದಾರೆ ಅನ್ಸುತ್ತೆ.”

ಸ್ಪೀಕರ್ ಹಾಕಿದ್ದು ನನ್ನ ತಪ್ಪು. ಪರ್ಲಿತಾ ನನ್ನನ್ನು ನೋಡಿದಳು. ಇನ್ನು ಬಚ್ಚಿಡುವಂತಿರಲಿಲ್ಲ, ಬಾಯಿಬಿಟ್ಟೆ. ನಾನು ಈ ಓಣಿಯ ಒಂಬತ್ತು ಮಕ್ಕಳಿಗೆ ನಿನೊಂಗ್, ಅಂದರೆ ಧರ್ಮಪಿತ. ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಹಾಕುವಾಗ ಮೇಣದಬತ್ತಿ ಹಿಡಿದು ಪಕ್ಕದಲ್ಲಿ ನಿಂತವನು, ಪ್ರತಿ ಕ್ರಿಸ್‌ಮಸ್ಸಿಗೂ ಉಡುಗೊರೆ ಕೊಡಲೇಬೇಕು. ಕಳೆದ ಸಲ ನನಗೊಂದು ದಿವ್ಯಜ್ಞಾನ ಹೊಳೆದು, ಒಂಬತ್ತು ಲಕೋಟೆಗಳಲ್ಲಿ ವೈಫೈ ಪಾಸ್‌ವರ್ಡ್ ಬರೆದಿಟ್ಟು ಹಂಚಿಬಿಟ್ಟಿದ್ದೆ. ಮಕ್ಕಳಿಗೆ ಅಪ್ಪಂದಿರಿದ್ದರು, ಅಪ್ಪಂದಿರಿಗೆ ಅಣ್ಣತಮ್ಮಂದಿರಿದ್ದರು.

“ನನ್ನ ಅಂಗಡೀನ ಲಕೋಟೇಲಿ ಹಾಕಿ ಹಂಚಿದ್ರಾ?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಓಣಿಯ ಮೇಲೆಲ್ಲ ಸಿಟ್ಟು ಬಂತು. (ನನ್ನ ಮೇಲೆ ಬರಬೇಕಿತ್ತು, ದಾರಿ ತಪ್ಪಿತು.) ಹುಡುಗಿ ಹೇಳಿಕೊಟ್ಟ ಹಾಗೆ ಹಳೆಯ ಪಾಸ್‌ವರ್ಡ್ ಅಳಿಸಿ ಹೊಸದು ಒತ್ತಿದೆ: ‘ಸ್ವಂತದ್ದುಹಾಕಿಸ್ಕೊಳ್ರೋಸೋಮಾರಿಗಳಾ’.

ಮೂರಕ್ಕೆ ಹತ್ತು ನಿಮಿಷವಿತ್ತು. ತೊಂಬತ್ತೇಳು, ತೊಂಬತ್ತೆಂಟು, ನೂರು! ಪರ್ಲಿತಾ ನನ್ನನ್ನು ಅಪ್ಪಿಕೊಂಡಳು. ಮದುವೆಯಾದ ವರ್ಷದ ನಂತರ ಹಗಲುಹೊತ್ತಿನಲ್ಲಿ ಇದೇ ಮೊದಲು.

ಐದು ಗಂಟೆಗೆ ನೋಡಿದರೆ ಬೇಕರಿಯವನ ಹೆಂಡತಿಯ ಕೇಕಿಗೆ ಇಪ್ಪತ್ತೆಂಟು ಹೃದಯ, ನಮ್ಮ ಬುದ್‌ಬುದ್‌ಗೆ ಎರಡು. ಒಂದು ನನ್ನದು, ಒಂದು ಅವಳದೇ.

“ಓಣಿಯೋರೆಲ್ಲ ಒತ್ತೀವಿ ಅಂತ ಆಣೆ ಮಾಡಿದ್ರಲ್ಲ!” ಎನ್ನುತ್ತ ಬಾಗಿಲು ತೆರೆದಳು. ಓಣಿ ಪೂರ್ತಿ ಬೀದಿಯಲ್ಲಿ ನಿಂತು ಫೋನುಗಳನ್ನು ಆಕಾಶಕ್ಕೆ ಹಿಡಿದಿತ್ತು. ಎದುರುಮನೆಯ ಇಸ್ಕೊ (ಅವನಿಗೆ ನಾನು ‘ಪಾರೆ’, ಎಂದರೆ ದೋಸ್ತ್) ಪಾಪದವನಂತೆ ನನ್ನನ್ನು ಕೇಳಿದ: “ಪಾರೆ, ನಿಮ್ಮನೇಲೂ ನೆಟ್ ಹೋಯ್ತಾ?”

ಪರ್ಲಿತಾ ನನ್ನತ್ತ ತಿರುಗಿದಳು. “ಹೊಸ ಪಾಸ್‌ವರ್ಡ್ ಹೇಳ್ರೀ ಅವ್ರಿಗೆ.”

“ಒಂದ್ನಿಮಿಷ, ಅದನ್ನ ಬದಲಾಯಿಸಿ…”

“ಆ ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ! ಇನ್ನೊಂದ್ಸಲ ಕೆಟ್ರೆ ಯಾರು ಗತಿ? ಏನಿಟ್ಟಿದೀರಿ?”

ಕಿವಿಯಲ್ಲಿ ಹೇಳಿದೆ. ಅವಳು ಶಿಲುಬೆಯ ಗುರುತು ಮಾಡಿಕೊಂಡಳು. ಒಳಗೆ ಹೋಗಿ ಕರೋಕೆ ಮೈಕು ತಂದು ನನ್ನ ಕೈಗಿಟ್ಟಳು. “ಇಟ್ಟೋರೇ ಹೇಳಿ.”

“ಬಂಧುಗಳೇ,” ಎಂದೆ. ಧ್ವನಿ ಸಮುದ್ರದವರೆಗೂ ಕೇಳಿಸಿತು. “ಬರ್ಕೊಳ್ಳಿ. ಸ್ವಂತದ್ದು… ಹಾಕಿಸ್ಕೊಳ್ರೋ… ಸೋಮಾರಿಗಳಾ. ಮಧ್ಯೆ ಜಾಗ ಬಿಡಬಾರ್ದು.”

ಇಸ್ಕೊನ ತಾಯಿ, ಎಂಬತ್ತು ದಾಟಿದ ಬಾಶಾ ಅಜ್ಜಿ, ಕನ್ನಡಕ ಸರಿಮಾಡಿಕೊಂಡು ಕೂಗಿದಳು: “ಕೊನೇದು ಇನ್ನೊಂದ್ಸಲ ಹೇಳಪ್ಪ, ನಿಧಾನಕ್ಕೆ.”

ನಿಧಾನಕ್ಕೆ ಹೇಳಿದೆ.

ಆರಕ್ಕೆ ಐದು ನಿಮಿಷವಿರುವಾಗ ಕೇಕು ಮೂವತ್ತು, ನಾವೂ ಮೂವತ್ತು. ಅಜ್ಜಿ ಇನ್ನೂ ಬೆರಳು ಒರೆಸಿಕೊಳ್ಳುತ್ತಿದ್ದಳು. ಇಡೀ ಓಣಿ ಅವಳ ಸುತ್ತ ಉಸಿರು ಬಿಗಿಹಿಡಿದು ನಿಂತಿತು. ಒತ್ತಿದಳು. ಮೂವತ್ತೊಂದು! ಪರ್ಲಿತಾ ಅಜ್ಜಿಯ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟಳು.

“ನಾವು ಸೋಮಾರಿಗಳೇ ಬಿಡು ಪಾರೆ,” ಎಂದ ಇಸ್ಕೊ. “ಬೆರಳು ಮಾತ್ರ ಅಲ್ಲ.”

ಆಗ ಪರ್ಲಿತಾ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. “ಸೋಮವಾರದಿಂದ ಅಂಗಡಿ! ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಬರಗು ತೊಳ್ದು ಕೊಡೋರು ಯಾರು?”

ಇಡೀ ಓಣಿ ನನ್ನತ್ತ ಬೆರಳು ಮಾಡಿತು, ಅಜ್ಜಿ ಎಲ್ಲರಿಗಿಂತ ಮೊದಲು.