ವಿಂಡೋಸಿನ ಬೊಜ್ಜು ಕರಗಿಸಿದ್ದು

ಬೈಲಹೊಂಗಲದಲ್ಲಿ ಕಂಪ್ಯೂಟರ್ ಇದ್ದವರು ಬಹಳ ಮಂದಿ. ಅದರ ಬೊಜ್ಜು ಕರಗಿಸುವ ಧೈರ್ಯ ಇದ್ದವನು ನಾನೊಬ್ಬನೇ! 2005ರ ಬೇಸಿಗೆ. ನಮ್ಮ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿದರೆ, ನನ್ನ ಹೆಂಡತಿ ಅನ್ನಪೂರ್ಣಾ ನಾಲ್ಕು ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಅದು ಏಳುತ್ತಿತ್ತು. ವಿಂಡೋಸಿನೊಳಗಿನ ಬೇಡದ ಸಾಮಾನನ್ನೆಲ್ಲ ಕಿತ್ತೆಸೆದು, ನನ್ನದೇ ಒಂದು ತೆಳ್ಳನೆಯ ವಿಂಡೋಸ್ ಸಿಡಿ ಮಾಡುತ್ತೇನೆಂದು ಪ್ರತಿಜ್ಞೆ ಮಾಡಿದೆ.

"ಮದ್ಲ ನಿಮ್ಮ ಹೊಟ್ಟಿ ಕರಗಸ್ರಿ," ಎಂದಳು ಅನ್ನಪೂರ್ಣಾ.

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಈ ಕೆಲಸಕ್ಕೆಂದೇ ಒಂದು ಸಾಫ್ಟ್‌ವೇರ್ ಇತ್ತು. ಅದು ಪಟ್ಟಿ ತೋರಿಸುತ್ತದೆ. ಬೇಡವಾದದ್ದಕ್ಕೆ ಟಿಕ್ ಹಾಕಿದರೆ ಮುಗಿಯಿತು. ಆಟಗಳು? ಟಿಕ್! ಮೋಡೆಮ್? ಟಿಕ್! ಆಮೇಲೆ ಭಾಷೆಗಳ ಸಾಲು ಬಂತು. ಅರಬ್ಬಿ, ಹೀಬ್ರೂ, ಥಾಯ್... ಪೂರ್ತಿ ಓದುವ ವ್ಯವಧಾನ ಯಾರಿಗಿದೆ?

"ನಮ್ಮ ಮನ್ಯಾಗ ಥಾಯ್ ಯಾರ ಮಾತಾಡ್ತಾರ?" ಎಂದು ಗುಡುಗಿ ಇಡೀ ಸಾಲಿಗೇ ಟಿಕ್ ಹಾಕಿದೆ.

ಆರುನೂರು ಎಂಬಿ ಇದ್ದ ವಿಂಡೋಸ್ ಇನ್ನೂರಕ್ಕೆ ಇಳಿಯಿತು! ಹೊಸ ಸಿಡಿಯ ಮೇಲೆ ಸ್ಕೆಚ್ ಪೆನ್ನಿನಿಂದ ನನ್ನ ಹೆಸರು ಬರೆದೆ. ಮೂಲ ಸಿಡಿ ಇನ್ನೇಕೆ? ಅವ್ವನಿಗೆ ದಾನ ಮಾಡಿದೆ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಕಾಗೆ ಬಾರದಿರಲೆಂದು ಅವ್ವ ಅದನ್ನು ದಾರ ಕಟ್ಟಿ ತೂಗಬಿಟ್ಟಳು.

ಎರಡು ದಿನದ ನಂತರ, ರವಿವಾರ, ಹೊಸ ವಿಂಡೋಸ್ ಹಾಕಿದೆ. ಒಂದು ರೊಟ್ಟಿ ಬೇಯುವುದರೊಳಗೆ ಕಂಪ್ಯೂಟರ್ ಎದ್ದು ಕೂತಿತು!

"ಬಾ, ನೋಡ್ ಬಾ!" ಎಂದು ಅನ್ನಪೂರ್ಣಾಳನ್ನು ಕೂಗಿದೆ.

ಬಂದವಳೇ ತನ್ನ ಫೈಲು ತೆರೆದಳು. ಅದು ಬಸುರಿಯಾಗಿದ್ದ ನನ್ನ ತಂಗಿಯ ಕುಬಸದ ಆಮಂತ್ರಣ. ಅದಕ್ಕೆ ತಾನೇ ಒಂದು ಹಾಡು ಕಟ್ಟಿ, ಒಂದೇ ಬೆರಳಿನಲ್ಲಿ ನಾಲ್ಕು ದಿನ ಕೂತು ಟೈಪ್ ಮಾಡಿದ್ದಳು. ಮರುದಿನ ಬೆಳಗಿನ ಬಸ್ಸಿಗೆ ಅರವತ್ತು ಪ್ರತಿ ಚಚಡಿಯ ಬೀಗರಿಗೆ ಹೋಗಬೇಕಿತ್ತು. ಪರದೆಯ ತುಂಬ ಖಾಲಿ ಚೌಕಗಳು!

"ಇದೇನ್ರಿ? ನನ್ನ ಹಾಡ ಎಲ್ಲಿ? ಬರೇ ಡಬ್ಬಿ ಅದಾವಲ್ಲ!"

ಪಟ್ಟಿಯನ್ನು ಮತ್ತೆ ತೆಗೆದು ಈ ಸಲ ಪೂರ್ತಿ ಓದಿದೆ. ಥಾಯ್ ಇದ್ದ ಸಾಲಿನಲ್ಲೇ ಭಾರತದ ಭಾಷೆಗಳೂ ಇದ್ದವು.

"ಅಂದ್ರ ನಿಮಗ ಕನ್ನಡಾನೂ ಬ್ಯಾಡಾದ ಸಾಮಾನಾತು?" ಎಂದಳು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಾಳಿಗೆಗೆ ಓಡಿದೆ. ಮೂಲ ಸಿಡಿ ಗಾಳಿಗೆ ಗೋಡೆಗೆ ಉಜ್ಜಿ ಉಜ್ಜಿ ಮೈತುಂಬ ಗೀರು! ಕಂಪ್ಯೂಟರ್ ಅದನ್ನು ಒಮ್ಮೆ ಬಾಯಿಗೆ ಹಾಕಿಕೊಂಡು ಉಗುಳಿಬಿಟ್ಟಿತು. ಊರಿನ ಕಂಪ್ಯೂಟರ್ ಅಂಗಡಿಗೂ ಪ್ರೆಸ್ಸಿಗೂ ಅಂದು ಬೀಗ.

ಪುಣ್ಯಕ್ಕೆ ಹಾಡು ಅವಳಿಗೆ ಬಾಯಿಪಾಠ. ಅವಳು ಹೇಳಿದಳು, ನಾನು ಬರೆದೆ. ಅರವತ್ತು ಪ್ರತಿ!

"ಒತ್ತು ಬಿಟ್ರಿ ನೋಡ್ರಿ ಅಲ್ಲಿ. ಅದೂ ಬ್ಯಾಡೇನು?"

ಕುಬಸ ಚೆಂದಾಗಿ ನಡೆಯಿತು. ಕೈಬರಹದ ಆಮಂತ್ರಣ ಕಂಡು ಬೀಗರು ಹಿಗ್ಗಿಹೋದರು; ಹೊಗಳಿದ್ದು ಮಾತ್ರ ಅನ್ನಪೂರ್ಣಾಳನ್ನು. ನನ್ನ ತೆಳ್ಳನೆಯ ಸಿಡಿಯನ್ನು ಹೊಗಳಿದವಳು ಅವ್ವ ಒಬ್ಬಳೇ. ಖಾಲಿ ದಾರಕ್ಕೆ ಅದನ್ನೇ ಕಟ್ಟಿ, ನನ್ನನ್ನು ಕರೆದು ತೋರಿಸಿದಳು:

"ಚೊಲೋ ಮಾಡಿ ನೋಡಪಾ! ಮದ್ಲಿಂದಕ್ಕಿಂತ ಹಗರ ಐತಿ, ಗಾಳಿಗೆ ಗರಗರ ತಿರಗತೈತಿ!"