ಸಂಬಾಲಿನ ಮೇಲೆ ತೇಲುವ ವಿಮಾನ ಇಂಧನವನ್ನು ಸಿಬ್ಬಂದಿ ತಿನ್ನದಿರುವ ಬಗ್ಗೆ

ಬಳಸಿದ ಎಣ್ಣೆ ಹಾಗೂ ಆಕಾಶ ನೈರ್ಮಲ್ಯ ಇಲಾಖೆ
ಜಿಲ್ಲಾ ಕಚೇರಿ, ಕುವಾಲಾ ಜಂಬು, ಮಲೇಷ್ಯಾ

ಸಂಖ್ಯೆ: ಬಎ/ಆನೈ/ಕರಿ/ಸಂಬಾಲ್/7 (ಪರಿಷ್ಕೃತ; ಹಿಂದಿನ ಪ್ರತಿ ಎಣ್ಣೆಯಾಗಿದೆ)

ಸುತ್ತೋಲೆ

ವಿಷಯ: ದೋಣಿಕಟ್ಟೆಯ ಅನ್ನದಂಗಡಿಯ ಮಕ್ ಚಿಕ್ ರೊಗಾಯಾ ಇವರು ಕರಿದ ಎಣ್ಣೆಯನ್ನು ಉಳಿಸದೇ ಇರುವುದು, ಉಳಿಯಬೇಕಿದ್ದ ಎಣ್ಣೆಯನ್ನು ಇಲಾಖೆಯ ಸಿಬ್ಬಂದಿಯೇ ತಿಂದಿರುವುದು ಮತ್ತು ಸದರಿಯವರ ಅಂಗಡಿ ಪರವಾನಗಿಯ ನವೀಕರಣ ಕುರಿತು.

ಉಲ್ಲೇಖ:
1. ಕರಿಯುವ ಅಂಗಡಿಗಳೆಲ್ಲ ತಿಂಗಳಿಗೊಂದು ಡಬ್ಬ ಬಳಸಿದ ಎಣ್ಣೆ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಪರವಾನಗಿ ನವೀಕರಿಸಲಾಗದು ಎಂಬ ಈ ಕಚೇರಿಯ ಮೊದಲ ಸುತ್ತೋಲೆ.
2. ಕ್ಷೇತ್ರಾಧಿಕಾರಿ ಶ್ರೀ ಖೈರುದ್ದೀನ್ ಇವರ ತಪಾಸಣಾ ವರದಿ (ಊಟಕ್ಕೆ ಮುಂಚೆ).
3. ಅದೇ ಅಧಿಕಾರಿಯ ತಪಾಸಣಾ ವರದಿ (ಊಟದ ನಂತರ).
4. ಮಕ್ ಚಿಕ್ ರೊಗಾಯಾ ಇವರ ಮೌಖಿಕ ಹೇಳಿಕೆ.

ಪೀಠಿಕೆ:

ಬಾಣಲೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಶುದ್ಧಿಮಾಡಿ ವಿಮಾನಕ್ಕೆ ಹಾಕಿದಲ್ಲಿ, ನೆಲದಡಿಯಿಂದ ತೋಡಿದ ಎಣ್ಣೆ ಸುಟ್ಟಾಗ ಬೀಳುವಷ್ಟು ಇಂಗಾಲದ ಹೊರೆ ಗಾಳಿಯ ಮೇಲೆ ಬೀಳುವುದಿಲ್ಲವೆಂದು ಬಲ್ಲವರು ಹೇಳಿದ್ದು, ಇಲಾಖೆಯು ಅದನ್ನು ಒಪ್ಪಿರುತ್ತದೆ. ಒಪ್ಪುವ ಮುನ್ನ ವಿಚಾರ ವಿನಿಮಯಕ್ಕಾಗಿ ಮಾನ್ಯ ನಿರ್ದೇಶಕರು ಹಲವು ದೇಶಗಳಿಗೆ ಹಾರಿ ಬಂದಿರುತ್ತಾರೆ. ಹಾಗೆ ಹಾರಿದ್ದನ್ನು ಯೋಜನೆಯ ಖರ್ಚಿನಲ್ಲಿ ಸೇರಿಸತಕ್ಕದ್ದು. ಹೊಗೆಯ ಲೆಕ್ಕದಲ್ಲಿ ಸೇರಿಸಕೂಡದು.

ಮೊದಲ ಹಾರಾಟದ ದಿನ ಗೊತ್ತಾಗಿದೆ. ಆ ದಿನ ವಿಮಾನದ ಟ್ಯಾಂಕಿನಲ್ಲಿ ಹೊಸ ಇಂಧನವು ಊಟದೆಲೆಯಲ್ಲಿನ ಉಪ್ಪಿನಕಾಯಿಯಷ್ಟಿದ್ದು, ಉಳಿದದ್ದು ಮಾಮೂಲಿನದೇ ಆಗಿರುತ್ತದೆ. ಛಾಯಾಚಿತ್ರಗಳಲ್ಲಿ ಉಪ್ಪಿನಕಾಯಿ ಮಾತ್ರ ಕಾಣುವಂತೆ ವ್ಯವಸ್ಥೆಯಾಗಿದೆ.

ಊರಿನ ಅಂಗಡಿಗಳೆಲ್ಲ ಎಣ್ಣೆ ಒಪ್ಪಿಸಿವೆ. ಬಾಳೆಹಣ್ಣು ಕರಿಯುವ ಪಕ್ ಹಾರುನ್ ಇವರು ತಮ್ಮ ಪಾಲಿಗಿಂತ ಬಹಳ ಹೆಚ್ಚು ಒಪ್ಪಿಸಿ ಉತ್ತಮ ಪೂರೈಕೆದಾರ ಪ್ರಶಸ್ತಿ ಪಡೆದಿರುತ್ತಾರೆ. ಸರ್ಕಾರದ ರಿಯಾಯಿತಿ ದರದ ಹೊಸ ಎಣ್ಣೆಯು ಇಲಾಖೆ ಕೊಳ್ಳುವ ಹಳೆ ಎಣ್ಣೆಗಿಂತ ಅಗ್ಗವಾಗಿರುವುದೂ, ಅವರ ಎಣ್ಣೆಯಿಂದ ಸೋಯಾ ಸಾಸಿನ ವಾಸನೆ ಬರುತ್ತಿರುವುದೂ ಕಾಕತಾಳೀಯವೆಂದು ತೀರ್ಮಾನಿಸಲಾಗಿದೆ.

ಒಪ್ಪಿಸದೇ ಉಳಿದದ್ದು ಒಂದೇ ಅಂಗಡಿ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಸಲಾಗಿದೆ.

1. ಸದರಿ ರೊಗಾಯಾ ಇವರು ವಿಧವೆಯಾಗಿದ್ದು, ದೋಣಿಕಟ್ಟೆಯ ಮರದಡಿ ಬೆಳಗಿನ ಹೊತ್ತು ತೆಂಗಿನಹಾಲಿನ ಅನ್ನ, ಅದರ ಮೇಲೆ ಸಂಬಾಲ್ ಎಂಬ ಮೆಣಸಿನ ಗೊಜ್ಜು ಹಾಕಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಊರವರಿಗೆಲ್ಲ ಅವರು ಮಕ್ ಚಿಕ್, ಅಂದರೆ ಚಿಕ್ಕಮ್ಮ. ಅಂಗಡಿ ಮುಚ್ಚಿದರೆ ಅವರಿಗೆ ಬೇರೆ ಗತಿಯಿಲ್ಲವೆಂದು ಗ್ರಾಮಮುಖ್ಯಸ್ಥರು ತಿಳಿಸಿರುತ್ತಾರೆ. ನಮೂನೆಯಲ್ಲಿ ಗತಿಗೆ ಕಾಲಂ ಇಲ್ಲದ ಕಾರಣ ಇದನ್ನು ದಾಖಲಿಸಿಲ್ಲ.

2. ಊಟಕ್ಕೆ ಮುಂಚಿನ ವರದಿಯಲ್ಲಿ ಶ್ರೀ ಖೈರುದ್ದೀನ್ ಇವರು, ಬಾಣಲೆಗೆ ಎಣ್ಣೆ ಬೀಳುವುದನ್ನು ಕಣ್ಣಾರೆ ಕಂಡಿದ್ದಾಗಿಯೂ, ಹೊರಗೆ ಬರುವುದನ್ನು ಕಾಣದೇ ಇದ್ದುದಾಗಿಯೂ, ಎಣ್ಣೆಯನ್ನು ಬಚ್ಚಿಡಲಾಗಿದೆಯೆಂಬ ಬಲವಾದ ಸಂಶಯವಿರುವುದಾಗಿಯೂ ಬರೆದಿರುತ್ತಾರೆ. ಊಟದ ನಂತರದ ವರದಿ ಇಷ್ಟೇ ಇದೆ: ಎಣ್ಣೆ ಪತ್ತೆಯಾಗಿದೆ, ಬಹಳ ರುಚಿಯಾಗಿದೆ, ಮರುತಪಾಸಣೆ ಅಗತ್ಯವಿದೆ.

3. ರೊಗಾಯಾ ಇವರ ಹೇಳಿಕೆಯನ್ನು ಆಡುಮಾತಿನಲ್ಲಿದ್ದಂತೆಯೇ ದಾಖಲಿಸಲಾಗಿದೆ:

"ಎಣ್ಣೆ ಉಳಿಸೋದು ಅಂದ್ರೆ ಏನಪ್ಪಾ? ಮೊದ್ಲು ಸಣ್ಣ ಒಣಮೀನು ಕರೀತೀನಿ. ಅದೇ ಎಣ್ಣೇಲಿ ಕಡ್ಲೆಬೀಜ. ಅದೇ ಎಣ್ಣೇಲಿ ಅರೆದ ಮೆಣಸಿನಕಾಯಿ ಹಾಕಿ, ಎಣ್ಣೆ ಬಿಟ್ಟು ಮೇಲೆ ತೇಲೋವರೆಗೂ ಕೈಯಾಡಿಸ್ತಾ ನಿಂತಿರ್ತೀನಿ. ಮೀನಿನ ಘಮ ಎಲ್ಲಾ ಆ ಎಣ್ಣೇಲೇ ಇರೋದು. ಅದನ್ನ ತೆಗೆದು ನಿಮಗೆ ಕೊಟ್ಬಿಟ್ರೆ ಜನಕ್ಕೆ ನಾನೇನು ಕೊಡ್ಲಿ, ಬರೀ ಖಾರಾನಾ? ನೀನೇ ಎರಡು ಪೊಟ್ಟಣ ತಿಂದ್ಯಲ್ಲ ಮಗಾ. ಹುಡುಕೋದಿದ್ರೆ ನಿನ್ನ ಹೊಟ್ಟೇಲಿ ಹುಡುಕು."

ಕೊನೆಯ ಸಲಹೆಯನ್ನು ಕಾನೂನು ಶಾಖೆಯ ಅಭಿಪ್ರಾಯಕ್ಕೆ ಕಳುಹಿಸಲಾಗಿತ್ತು.

4. ಕಾನೂನು ಶಾಖೆಯ ಅಭಿಪ್ರಾಯದಂತೆ, ಸಂಬಾಲಿನ ಮೇಲೆ ತೇಲುವ ಎಣ್ಣೆಯು ತೇಲಿದ ಕ್ಷಣದಿಂದಲೇ ವಿಮಾನ ಇಂಧನವಾಗಿರುತ್ತದೆ. ಈ ಕಚೇರಿಯ ಸಿಬ್ಬಂದಿಯು ಅದನ್ನು ಯೋಜನೆ ಹುಟ್ಟುವ ಮೊದಲಿನಿಂದಲೂ ದಿನಾ ಬೆಳಿಗ್ಗೆ ತಿನ್ನುತ್ತಾ ಬಂದಿರುವುದು ವಿಷಾದನೀಯ. ಇನ್ನು ಮುಂದೆ:

ಅ) ಪೊಟ್ಟಣ ಬಿಚ್ಚಿದ ಕೂಡಲೇ ಅದನ್ನು ಓರೆ ಮಾಡಿ, ಇಂಧನವನ್ನು ಮೇಜಿನ ಮೇಲಿನ ಸರ್ಕಾರಿ ಬಟ್ಟಲಿಗೆ ಬಸಿಯತಕ್ಕದ್ದು. ಅನ್ನ, ಮೊಟ್ಟೆ, ಸೌತೆಕಾಯಿ ಹೋಳುಗಳು ಸಿಬ್ಬಂದಿಗೆ ಸೇರತಕ್ಕದ್ದು.

ಆ) ಬೆರಳು ನೆಕ್ಕುವುದನ್ನು ನಿಷೇಧಿಸಲಾಗಿದೆ. ಅಭ್ಯಾಸಬಲದಿಂದ ನೆಕ್ಕಿದವರು ಮೇಲಧಿಕಾರಿಗೆ ತಾವಾಗಿಯೇ ತಿಳಿಸತಕ್ಕದ್ದು. ಮೇಲಧಿಕಾರಿಯೇ ನೆಕ್ಕುತ್ತಿದ್ದಲ್ಲಿ ಅವರು ಮುಗಿಸುವವರೆಗೆ ಬಾಗಿಲ ಹೊರಗೆ ಕಾಯತಕ್ಕದ್ದು.

ಇ) ಬಸಿಯದೇ ತಿಂದ ಸಿಬ್ಬಂದಿಯನ್ನು ಇಂಧನ ತುಂಬಿದವರೆಂದು ಪರಿಗಣಿಸಿ, ಬೀಡಿ ಸಿಗರೇಟು ಸೇದುವವರಿಂದ ದೂರ ಕೂರಿಸಲಾಗುವುದು. ಇಂಥವರು ರಜೆಯಲ್ಲಿ ವಿಮಾನ ಹತ್ತಿದಲ್ಲಿ ಇಂಧನವು ವಿಮಾನವನ್ನು ಸೇರಿತೆಂದೇ ಬರೆದುಕೊಳ್ಳತಕ್ಕದ್ದು.

5. ರೊಗಾಯಾ ಇವರಿಗೆ ಎಣ್ಣೆ ಉಳಿಸುವ ಬಗೆಯನ್ನು ಕಲಿಸಲು ತರಬೇತಿ ಶಿಬಿರವನ್ನು ಏರ್ಪಡಿಸಲಾಗಿತ್ತು. ಬಾಣಲೆ ತುಂಬ ಎಣ್ಣೆ ಸುರಿದು, ಒಂದೇ ಒಂದು ಮೀನು ಕರಿದು, ಮಿಕ್ಕಿದ್ದನ್ನೆಲ್ಲ ಡಬ್ಬಕ್ಕೆ ಹಾಕುವುದನ್ನು ತರಬೇತುದಾರರು ತೋರಿಸಿಕೊಟ್ಟರು. ಭೂಮಿಯನ್ನು ಉಳಿಸುವ ಕ್ರಮ ಇದೇ ಎಂದು ವಿವರಿಸಲಾಯಿತು. ಸದರಿಯವರು ತಾಳ್ಮೆಯಿಂದ ನೋಡಿದ್ದು, ತರಬೇತುದಾರರು ಕೈತೊಳೆಯಲು ಹೋದಾಗ ಆ ಡಬ್ಬದ ಎಣ್ಣೆಗೆ ಮೆಣಸಿನಕಾಯಿ ಅರೆದು ಹಾಕಿರುತ್ತಾರೆ. ತರಬೇತುದಾರರು ಶಿಬಿರದಲ್ಲೇ ಊಟ ಮುಗಿಸಿ ಹೋಗಿರುತ್ತಾರೆ. ಶಿಬಿರ ಯಶಸ್ವಿಯಾಗಿದೆ.

6. ಪರವಾನಗಿಯ ಅವಧಿ ತಿಂಗಳ ಕೊನೆಗೆ ಮುಗಿಯಲಿರುವುದರಿಂದ, ಶ್ರೀ ಖೈರುದ್ದೀನ್ ಇವರು ಕರ್ತವ್ಯದ ಹೊರಗೆ, ಕೇವಲ ಮನುಷ್ಯರಾಗಿ (ಇದಕ್ಕಾಗಿ ಅವರಿಂದ ವಿವರಣೆ ಕೇಳಲಾಗಿದೆ), ಪಕ್ ಹಾರುನ್ ಇವರ ಹಾಗೆಯೇ ಒಂದು ಡಬ್ಬ ಹೊಸ ಎಣ್ಣೆ ಕೊಂಡು, ಬಣ್ಣ ಬರುವಷ್ಟು ಸೋಯಾ ಸಾಸ್ ಬೆರೆಸಿ ಕೊಟ್ಟುಬಿಡುವಂತೆ ರೊಗಾಯಾ ಇವರನ್ನು ಬೇಡಿಕೊಂಡಿರುತ್ತಾರೆ. ಅಂಗಡಿ ಹೋದರೆ ಮಕ್ ಚಿಕ್ ಗತಿಯೇನು ಎಂದು ಅತ್ತಿರುವುದೂ ತಿಳಿದುಬಂದಿದೆ. ಸದರಿಯವರ ಉತ್ತರ:

"ಸುಮ್ನಿರು ಮಗಾ, ಅಳಬೇಡ. ಅಂಗಡಿ ಹೋದ್ರೆ ಹೋಗ್ಲಿ, ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ಒಳ್ಳೇ ಎಣ್ಣೇನ ಕೆಟ್ಟದ್ದು ಮಾಡಿ ಕೊಡು ಅಂತೀಯಲ್ಲ, ಅದು ನನ್ನ ಕೈಲಾಗಲ್ಲ. ಸುಳ್ಳೆಣ್ಣೆ ಕುಡಿದು ಆ ವಿಮಾನ ಮೇಲೆ ಕೆಮ್ಮಿದ್ರೆ? ಬೀಳೋದು ನಮ್ಮ ದೋಣಿಕಟ್ಟೆ ಮೇಲೇ ತಾನೆ."

ಕೆಮ್ಮುವ ವಿಚಾರವನ್ನು ತಾಂತ್ರಿಕ ಶಾಖೆಯು ಪರಿಶೀಲಿಸುತ್ತಿದೆ.

7. ಈ ನಡುವೆ, ಮೊದಲ ಹಾರಾಟದ ಭಿತ್ತಿಪತ್ರಗಳು ಅಚ್ಚಾಗಿ ಬಂದಿದ್ದು, ಅವುಗಳಲ್ಲಿ ರೊಗಾಯಾ ಇವರ ನಗುಮುಖವೂ ‘ಚಿಕ್ಕಮ್ಮನ ಬಾಣಲೆಯಿಂದ ಆಕಾಶಕ್ಕೆ’ ಎಂಬ ಸಾಲೂ ಇರುವುದು ಗಮನಕ್ಕೆ ಬಂದಿದೆ. ಇಡೀ ಜಿಲ್ಲೆಯಲ್ಲಿ ಒಂದು ತೊಟ್ಟೂ ಎಣ್ಣೆ ಕೊಡದವರ ಮುಖವನ್ನೇ ಆರಿಸಿದ್ದೇಕೆಂದು ಕೇಳಲಾಗಿ, ಪಕ್ ಹಾರುನ್ ಇವರಿಗೆ ಮುಂದಿನ ಹಲ್ಲುಗಳಿಲ್ಲವೆಂದು ಪ್ರಚಾರ ಶಾಖೆ ಉತ್ತರಿಸಿದೆ. ಭಿತ್ತಿಪತ್ರಗಳನ್ನು ಮತ್ತೆ ಅಚ್ಚು ಹಾಕಿಸಲು ಬರುವುದಿಲ್ಲ. ಆದುದರಿಂದ ಸದರಿಯವರು ಎಣ್ಣೆ ಕೊಟ್ಟಿರಲೇಬೇಕಾಗಿದೆ.

8. ಹೀಗಿರುವಲ್ಲಿ, ಮಾನ್ಯ ನಿರ್ದೇಶಕರು ಇಂಗಾಲ ಕಡಿತ ಸಮಾವೇಶಕ್ಕೆ ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ, ರೊಗಾಯಾ ಇವರ ಅಂಗಡಿಯಿಂದ ತರಿಸಿದ ತಮ್ಮ ತಿಂಡಿಯ ಪೊಟ್ಟಣ ಬಿಚ್ಚಲಾಗಿ, ಬಾಳೆಎಲೆಯ ಹೊರಗೆ ಸುತ್ತಿದ್ದ ಕಾಗದವು ಉಲ್ಲೇಖ 1ರ ಸುತ್ತೋಲೆಯೇ ಆಗಿರುವುದು ಕಂಡುಬಂದಿದೆ. ಸುತ್ತೋಲೆಯ ಮೇಲೆ ಎಣ್ಣೆ ಇಳಿದು, ನಿರ್ದೇಶಕರ ಸಹಿ ಆಚೆಬದಿಗೂ ಕಾಣುವಷ್ಟು ನೆನೆದಿತ್ತು. ಕಾಗದ ಮುಗಿದಿತ್ತೆಂದೂ, ಕಚೇರಿಯಿಂದ ಬಂದದ್ದೊಂದೇ ಕೈಗೆ ಸಿಕ್ಕಿತೆಂದೂ, ಅದು ತೆಳ್ಳಗಿದ್ದರಿಂದ ಸಾಹೇಬರ ಅಂಗಿಗೆ ಎಣ್ಣೆ ಆಗಿದ್ದರೆ ಕ್ಷಮೆಯಿರಲೆಂದೂ ರೊಗಾಯಾ ಇವರು ಹೇಳಿಕಳುಹಿಸಿರುತ್ತಾರೆ.

9. ಎಣ್ಣೆಯು ಕರಿದದ್ದು ಹೌದು, ರೊಗಾಯಾ ಇವರದು ಹೌದು, ಇಲಾಖೆಯ ಮುಖ್ಯಸ್ಥರ ಕೈಗೇ ತಲುಪಿದ್ದೂ ಹೌದು. ಡಬ್ಬದಲ್ಲೇ ಕೊಡಬೇಕೆಂದು ಸುತ್ತೋಲೆಯಲ್ಲಿದ್ದ ಸಾಲು ಎಣ್ಣೆಯಲ್ಲಿ ಅಳಿಸಿಹೋಗಿರುವುದರಿಂದ ಆ ಬಗ್ಗೆ ತಕರಾರು ಉಳಿದಿಲ್ಲ. ಆದಕಾರಣ ಸದರಿ ಎಣ್ಣೆಕಲೆಯನ್ನು ಮೊದಲ ಕಂತೆಂದು ಸ್ವೀಕರಿಸಿ, ಪರವಾನಗಿಯನ್ನು ನವೀಕರಿಸಲು ಈ ಮೂಲಕ ಆದೇಶಿಸಲಾಗಿದೆ. ಕಾಗದವನ್ನು ಹಿಂಡಿ ಬಂದದ್ದನ್ನು ಮೊದಲ ಹಾರಾಟದ ವಿಮಾನಕ್ಕೆ ಹಾಕತಕ್ಕದ್ದು. ಹಿಂಡಿದ ಮೇಲೂ ಏನೂ ಬರದಿದ್ದಲ್ಲಿ ಕಾಗದವನ್ನೇ ಚೌಕಟ್ಟು ಹಾಕಿಸಿ ವಿಮಾನದೊಳಗೆ ತೂಗುಹಾಕತಕ್ಕದ್ದು.

ಸಹಿ/-
(ಬೆರಳಿನ ಎಣ್ಣೆ ಗುರುತು ಸಹಿತ)
ನಿರ್ದೇಶಕರು
ವಿಮಾನದಲ್ಲಿ ಮೊಕ್ಕಾಂ

ಪ್ರತಿಗಳು:
1. ಕಾನೂನು ಶಾಖೆ, ಬಟ್ಟಲು ಸಹಿತ.
2. ಪ್ರಚಾರ ಶಾಖೆ. ಪಕ್ ಹಾರುನ್ ಇವರಿಗೆ ಹಲ್ಲು ಕಟ್ಟಿಸುವ ಪ್ರಸ್ತಾವನೆಯನ್ನು ಕೈಬಿಡಲಾಗಿದೆ.
3. ತಾಂತ್ರಿಕ ಶಾಖೆ, ಹಿಂಡುವುದಕ್ಕಾಗಿ.
4. ಕ್ಷೇತ್ರಾಧಿಕಾರಿ ಶ್ರೀ ಖೈರುದ್ದೀನ್. ಮನುಷ್ಯರಾಗಿದ್ದ ಬಗ್ಗೆ ಅವರ ವಿವರಣೆಯನ್ನು ಒಪ್ಪಲಾಗಿದೆ, ಪುನರಾವರ್ತಿಸಕೂಡದು.
5. ಮಕ್ ಚಿಕ್ ರೊಗಾಯಾ, ದೋಣಿಕಟ್ಟೆ. ಮಾಹಿತಿಗಾಗಿ, ಹಾಗೂ ಮುಂದಿನ ತಿಂಗಳ ಕಂತಿಗಾಗಿ. ದಪ್ಪ ಕಾಗದದಲ್ಲಿ.