ನನ್ನ ದನಿ ಕೇಳಿದರೆ ಕೊಡ ಹಿಡಿದು ಬರುವವರು

ಪುರಸಭೆಯಿಂದ ಹೊರಡುವ ಸುದ್ದಿಯೇ ಬೇರೆ, ಓಣಿಗೆ ಮುಟ್ಟುವ ಸುದ್ದಿಯೇ ಬೇರೆ. ಸಿಂದಗಿ ಕಡೆಯ ಊರೊಂದರಲ್ಲಿ ಆಟೋದೊಳಗೆ ಮೈಕು ಹಿಡಿದು ವರ್ಷಗಟ್ಟಲೆ ಕೂಗಿದವನು ನಾನು, ಇದು ನನಗೆ ಗೊತ್ತು. ಹೆಚ್ಚಾಗಿ ಕೂಗುತ್ತಿದ್ದುದು ನಳದ ನೀರಿನ ಸುದ್ದಿ. ಹೆಣ್ಣುಮಕ್ಕಳು ಆಟೋ ತಡೆದು ‘ನೀರು ಯಾವಾಗ್ರಿ?’ ಎಂದು ಕೇಳಿದರೆ ಸಿಡುಕುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ. ಯಾರಾದರೂ ಒಮ್ಮೆ ಹಾಗೆ ಕೇಳಲಿ ಎಂದು ಜೀವ ಹಂಬಲಿಸುತ್ತದೆ.

ಕೊಡಗಳ ಸಭೆ

ಒಮ್ಮೆ ವಾರ್ಡ್ ಸಭೆ ಇತ್ತು. ಗಟಾರ, ಬೀದಿದೀಪ, ಏನೇ ತಕರಾರಿದ್ದರೂ ಬಂದು ಹೇಳಿ ಎಂದು ಮೂರು ಸುತ್ತು ಕೂಗಿ ಬಂದೆ. ಸಭೆ ತುಂಬಿತು. ಆದರೆ ಎಲ್ಲರ ಸೊಂಟದ ಮೇಲೂ ಒಂದೊಂದು ಕೊಡ.

ಪುರಸಭೆಯ ಸಾಹೇಬರು ಬೆವೆತರು. ‘ಖಾಲಿ ಕೊಡದ ಪ್ರತಿಭಟನೆ ಏನ್ರಿ ಇದು?’

ಮುಂದೆ ಕೂತಿದ್ದ ನಮ್ಮ ಓಣಿಯ ಮುದುಕಿ, ಎಲ್ಲರ ಆಯಿ, ಅಂದಳು: ‘ಪ್ರತಿಭಟನಿ ಯಾಕ ಮಾಡೂಣ್ರಿ? ಇವನ ದನಿ ಕೇಳಿದ್ರ ಕೊಡ ತಗೊಂಡು ಬರೂದು ನಮಗ ರೂಢಿ ಆಗೇತಿ. ಮಾತು ಯಾರು ಕೇಳ್ತಾರ?’

ಸಭೆ ಮುಗಿಯುವುದರೊಳಗೆ ಸಾಹೇಬರು ಟ್ಯಾಂಕರ್ ತರಿಸಿದರು.

ಹೂವಿನ ಗ್ರೂಪು

ಆಮೇಲೆ ವಾರ್ಡಿಗೊಂದು ವಾಟ್ಸಾಪ್ ಗ್ರೂಪ್ ಬಂತು, ಮೈಕು ಸ್ಟೋರ್ ರೂಮಿಗೆ ಹೋಯಿತು. ‘ಪೈಪ್ ಒಡೆದಿದೆ, ನಾಳೆ ನೀರಿಲ್ಲ’ ಎಂದು ಹಾಕಿದರೆ ಕೆಲವರು ಕೈಮುಗಿದರು, ಒಬ್ಬರು ‘ಅಭಿನಂದನೆಗಳು’ ಎಂದರು, ಒಬ್ಬನು ಗುಲಾಬಿ ಹೂ ಕಳಿಸಿದ. ಮರುದಿನ ಆ ಹೂವಿನವನೇ ಕಚೇರಿಗೆ ಜಗಳಕ್ಕೆ ಬಂದ: ‘ನೀರಿಲ್ಲಂತ ಒಂದು ಮಾತು ಹೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?’

ಬಾಯಿ ಇತ್ತು. ಸ್ಟೋರ್ ರೂಮಿನ ಬೀಗದ ಕೈ ನನ್ನ ಹತ್ತಿರ ಇರಲಿಲ್ಲ.

ಗಾಡಿಯೊಳಗಿನ ನಾನು

ನಿವೃತ್ತಿಗೆ ಮುಂಚೆ ನನ್ನ ದನಿಯನ್ನು ರೆಕಾರ್ಡ್ ಮಾಡಿಕೊಂಡರು. ಈಗ ದಿನಾ ಮುಂಜಾನೆ ಕಸದ ಗಾಡಿಯಲ್ಲಿ ‘ಹಸಿ ಕಸ ಬೇರೆ, ಒಣ ಕಸ ಬೇರೆ’ ಎನ್ನುತ್ತ ನಮ್ಮ ಮನೆ ಮುಂದೆ ನಾನೇ ಹಾಯ್ದು ಹೋಗುತ್ತೇನೆ. ಹೆಂಡತಿ ಬಕೆಟ್ ಕೈಗಿಡುತ್ತಾಳೆ: ‘ನೀವ ಕರಿಯಾಕತ್ತೀರಿ, ನೀವ ಹೋಗಿ ಹಾಕಿ ಬರ್ರಿ.’

ಮೊನ್ನೆ ಹಾಗೆ ನಿಂತಾಗ ಅದೇ ಆಯಿ ಕೊಡ ಹಿಡಿದು ಗಾಡಿಯ ಹಿಂದೆ ಓಡಿ ಬಂದಳು. ನನ್ನನ್ನು ನೋಡಿ ಗಕ್ಕನೆ ನಿಂತಳು.

‘ತಮ್ಮಾ, ನೀ ಇಲ್ಲಿ ನಿಂತಿ. ಮತ್ತ ಗಾಡ್ಯಾಗ ಯಾರದಾರ?’

‘ಅದು ಕಸದ ಸುದ್ದಿ, ಆಯಿ.’

‘ಹಂಗಾರ ನೀರು ಯಾವಾಗ?’

ಎಷ್ಟು ದಿನಗಳ ಮೇಲೆ ಕೇಳಿದ ಮಾತು! ನನಗೇನು ಗೊತ್ತಿತ್ತು? ಆದರೂ ಓಣಿಗೆಲ್ಲ ಕೇಳುವಂತೆ, ‘ನಾಳೆ ಮುಂಜಾನಿ ಆರಕ್ಕ’ ಎಂದುಬಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ತಪ್ಪಾಯಿತು ಎಂದು ಹೇಳಲು ಆರಕ್ಕೆ ಹೋದರೆ ನಳದ ಮುಂದೆ ಕೊಡಗಳ ಸಾಲು. ನಾನು ಬಾಯಿ ತೆರೆಯುವಷ್ಟರಲ್ಲಿ ನೀರು ಬಿಡುವವನು ಬೈಕ್ ಮೇಲೆ ಬಂದು ವಾಲ್ವ್ ತಿರುವಿದ. ನೀರು ಬಂತು.

‘ಯಾರು ಹೇಳಿದ್ರೋ ಬಿಡಾಕ?’ ಎಂದೆ.

‘ನೀವ ಹೇಳೀರಂತಲ್ರಿ? ಸಾಹೇಬರ ಆರ್ಡರ್ ಗ್ರೂಪ್‌ನ್ಯಾಗ ಹೂವಿನ ನಡುವ ಎಲ್ಲೋ ಕಳದಿರಬೇಕು ಅಂತ ಓಡಿ ಬಂದೇನ್ರಿ.’

ನಾನು ಮನೆಗೆ ಹೋಗಿ ಕೊಡ ತಂದು ಸಾಲಿನ ಕೊನೆಗೆ ನಿಂತೆ.